ಹುಳಿಯಲ್ಲಿ ಬೇಳೆ ಬೇರೆ, ನೀರು ಬೇರೆ ಆಗುತ್ತಿದ್ದರೆ
ಬೇಳೆ, ತರಕಾರಿ, ಹುಣಸೆ ರಸ ಎಲ್ಲಾ ಒಂದೇ ಸಲ ಕುಕ್ಕರಿಗೆ ಹಾಕುತ್ತೀರಿ, ಬೇಳೆ ತಳಕ್ಕೆ ಕೂತು ನೀರು ಮೇಲೆ ನಿಲ್ಲುತ್ತದೆ ಅಂದಿರಲ್ಲ, ತೊಂದರೆ ಇರುವುದು ಹುಣಸೆಯಲ್ಲೇ. ಅದು ಮೊದಲೇ ಬಿದ್ದರೆ ಬೇಳೆ ಸುಲಭವಾಗಿ ಮೆತ್ತಗಾಗುವುದಿಲ್ಲ. ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಸಿ, ಚಿಟಿಕೆ ಅರಿಶಿನ, ಸ್ವಲ್ಪ ಎಣ್ಣೆ ಹಾಕಿ ಬೇರೆಯಾಗಿ ಬೇಯಿಸಿ, ಬಿಸಿ ಇರುವಾಗಲೇ ನುಣ್ಣಗೆ ಕಡೆಯಿರಿ. ಇದೊಂದನ್ನು ದಯವಿಟ್ಟು ಬಿಡಬೇಡಿ. ತರಕಾರಿ ಉಪ್ಪುನೀರಲ್ಲಿ ಬೆಂದ ಮೇಲೆ ಹುಣಸೆ ರಸ, ಅದರ ಹಸಿ ವಾಸನೆ ಹೋದ ಮೇಲೆ ಬೇಳೆ, ಆಮೇಲೆ ಮಸಾಲೆ. ಬರೀ ಹುಳಿಪುಡಿ ಹಾಕುವ ಬದಲು ಆ ಪುಡಿಯನ್ನು ತೆಂಗಿನಕಾಯಿ, ಒಂದು ಚಮಚ ನೆನೆಸಿದ ಅಕ್ಕಿ ಜೊತೆ ರುಬ್ಬಿ ಹಾಕಿ, ಹುಳಿ ಒಡೆಯದೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಆಮೇಲೆ ಜಾಸ್ತಿ ಕುದಿಸಬೇಡಿ, ಐದು ನಿಮಿಷ ಸಾಕು, ಇಂಗಿನ ಒಗ್ಗರಣೆ ಕೊಟ್ಟು ಮುಚ್ಚಿಡಿ.