ಪಕ್ಕದ ಮನೆಯವರು ಗ್ಯಾರೇಜಿನಲ್ಲಿ ಮಾಡಿದ ರೈಫಲ್ ಉಡುಗೊರೆ ಕೊಟ್ಟರೆ ತಗೊಳ್ಳಬಹುದಾ?

ತಮ್ಮಾ, ಟೆಕ್ಸಾಸಿಗೆ ಬಂದು ಇನ್ನೂ ಪೆಟ್ಟಿಗೆ ಬಿಚ್ಚಿ ಮುಗಿದಿಲ್ಲ, ಆಗಲೇ ಪಕ್ಕದ ಮನೆಯ ಅಜ್ಜ ತಾವೇ ಮಾಡಿದ ರೈಫಲ್ ಕೊಡ್ತೀನಿ ಅಂದಿದ್ದಾರೆ ಅಂತ ಬರೆದಿದ್ದೀಯ. ಉಡುಗೊರೆಗೂ ಲೈಸೆನ್ಸ್ ಬೇಕಾ, ದುಡ್ಡು ಕೊಟ್ಟರೆ ತಪ್ಪಾಗುತ್ತಾ, ಆಮೇಲೆ ಕ್ಯಾಲಿಫೋರ್ನಿಯಾದ ಭಾವನಿಗೆ ದಾಟಿಸಬಹುದಾ ಅಂತ ಕೇಳಿದ್ದೀಯ.

ಮುಟ್ಟಬೇಡ ಮಾರಾಯ. ನೀನಿರುವುದು ಎಚ್-1ಬಿ ವೀಸಾದಲ್ಲಿ, ಅಂದರೆ ಕೆಲಸಕ್ಕೆ ಬಂದವರ ತಾತ್ಕಾಲಿಕ ವೀಸಾದಲ್ಲಿ. ಇಲ್ಲಿನ ಫೆಡರಲ್ ಕಾನೂನಿನ (ಇಡೀ ಅಮೆರಿಕಕ್ಕೆ ಅನ್ವಯಿಸುವ ಕಾನೂನು) ಪ್ರಕಾರ ಇಂಥ ವೀಸಾದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವ ಹಾಗೇ ಇಲ್ಲ. ಅಂಗಡಿಯದ್ದೋ ಮನೆಯಲ್ಲಿ ಮಾಡಿದ್ದೋ, ಕೊಂಡದ್ದೋ ಪುಕ್ಕಟೆ ಬಂದದ್ದೋ, ಯಾವುದೂ ಲೆಕ್ಕಕ್ಕಿಲ್ಲ. ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ವಿನಾಯಿತಿ ಇದೆ, ಆದರೆ ಅದನ್ನು ನಂಬಿಕೊಂಡು ಹೆಜ್ಜೆ ಇಡುವ ಮೊದಲು ವಕೀಲರನ್ನು ಕೇಳು.

ನಾನು ಬಂದ ಹೊಸದರಲ್ಲಿ ದೊಡ್ಡ ಅಂಗಡಿಯೊಂದರಲ್ಲಿ ಮೀನಿನ ಗಾಳದ ಪಕ್ಕದಲ್ಲೇ ರೈಫಲ್ ಸಾಲಾಗಿ ನಿಲ್ಲಿಸಿದ್ದು ನೋಡಿ ಬೆರಗಾಗಿದ್ದೆ. ನಮ್ಮ ಕಡೆ ಹೇಗೆ ಅಂತ ನಿನಗೆ ಹೇಳಬೇಕಾಗಿಲ್ಲ. ಚುನಾವಣೆ ಬಂತೆಂದರೆ ತೋಟದ ಕೋವಿಯನ್ನು ಠಾಣೆಗೆ ಒಪ್ಪಿಸಿ, ಮಂಗ ಹಂದಿ ಬಂದಾಗ ಡಬ್ಬ ಬಡಿಯುತ್ತಾ ಕೂರುವ ಜನ ನಾವು. ಅಲ್ಲಿಂದ ಬಂದವರಿಗೆ ಈ ದೇಶದಲ್ಲಿ ಕಾನೂನೇ ಇಲ್ಲವೇನೋ ಅನ್ನಿಸುತ್ತದೆ. ಇದೆ. ನಮ್ಮಂಥವರಿಗೆ ಸ್ವಲ್ಪ ಜಾಸ್ತಿಯೇ ಇದೆ.

ಅಜ್ಜ ಮಾಡಿದ್ದು ತಪ್ಪಾ ಅಂದರೆ, ಅಲ್ಲ. ಬಂದೂಕು ಇಟ್ಟುಕೊಳ್ಳಲು ಹಕ್ಕಿರುವವರು ಸ್ವಂತಕ್ಕೆ ಮಾಡಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಾಗಿಲ್ಲ. ಮಾರಲೆಂದೇ ಒಂದಾದ ಮೇಲೊಂದು ಮಾಡುತ್ತಾ ಹೋದರೆ ಅದು ವ್ಯಾಪಾರ, ಅದಕ್ಕೆ ಲೈಸೆನ್ಸ್ ಬೇಕು. ಆದರೆ ನಿನಗೆ ಕೊಟ್ಟರೆ ಅವರೇ ಸಿಕ್ಕಿಹಾಕಿಕೊಳ್ಳಬಹುದು ಅನ್ನೋದು ಬಹುಶಃ ಅವರಿಗೂ ಗೊತ್ತಿಲ್ಲ. ಇಟ್ಟುಕೊಳ್ಳಬಾರದವರು ಅಂತ ಗೊತ್ತಿದ್ದೂ ಕೊಡುವುದು ಅಪರಾಧ. 2022ರಿಂದ ಕೊಟ್ಟವರಿಗೂ ಇಟ್ಟುಕೊಂಡವರಿಗೂ 15 ವರ್ಷದವರೆಗೆ ಜೈಲು ಆಗಬಹುದು.

ಭಾವನ ವಿಷಯ ಬಿಟ್ಟೇಬಿಡು. ಲೈಸೆನ್ಸ್ ಇಲ್ಲದವರು ಬೇರೆ ರಾಜ್ಯದಲ್ಲಿರುವವರಿಗೆ ನೇರವಾಗಿ ಕೊಡುವ ಹಾಗಿಲ್ಲ, ಡೀಲರ್ ಮೂಲಕವೇ ಹೋಗಬೇಕು. ಕ್ಯಾಲಿಫೋರ್ನಿಯಾದಲ್ಲಂತೂ ಮನೆಯಲ್ಲಿ ಮಾಡುವ ಮೊದಲೇ ಸರ್ಕಾರದಿಂದ ಸೀರಿಯಲ್ ನಂಬರ್ ತಗೋಬೇಕು, ಹಾಗೆ ಮಾಡಿದ್ದನ್ನು ಇನ್ನೊಬ್ಬರಿಗೆ ಮಾರಲೂ ಕೊಡಲೂ ಬಿಡುವುದಿಲ್ಲ.

ಶೂಟಿಂಗ್ ರೇಂಜಿಗೆ ಹೋಗಿ ಒಂದು ಫೋಟೋ ತಗೊಂಡು ಬರ್ತೀನಿ ಅಂತಲೂ ಬರೆದಿದ್ದೀಯಲ್ಲ, ನಮ್ಮ ಹುಡುಗರೆಲ್ಲ ಮಾಡುವುದೇ ಅದು. ಫ್ಲೋರಿಡಾದಲ್ಲಿ ಒಬ್ಬ ವಿದ್ಯಾರ್ಥಿ, ಕಾಲೇಜಿನಿಂದ ಹೊರಬಿದ್ದು ವೀಸಾ ಸ್ಟೇಟಸ್ ಕಳೆದುಕೊಂಡವನು, ರೇಂಜಿನಲ್ಲಿ ಗುಂಡು ಹಾರಿಸಿದ್ದಕ್ಕೆ 18 ತಿಂಗಳ ಶಿಕ್ಷೆಯಾಯಿತು. ಅದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತನ್ನ ಸ್ಟೇಟಸ್ ಏನೆಂದು ಅವನಿಗೆ ಗೊತ್ತಿತ್ತು ಅಂತ ಸರ್ಕಾರ ಸಾಬೀತು ಮಾಡಬೇಕು ಅಂತ 2019ರಲ್ಲಿ ತೀರ್ಪು ಬಂತು. ನಿನಗೆ ಅದರಿಂದ ಏನೂ ಉಪಯೋಗವಿಲ್ಲ. ನಿನ್ನ ವೀಸಾ ಯಾವುದು ಅಂತ ನಿನಗೆ ಚೆನ್ನಾಗೇ ಗೊತ್ತು!

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ನನ್ನ ಜೊತೆ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದ ಗೆಳೆಯನೊಬ್ಬನಿಗೆ ಆಫೀಸಿನ ಹಿರಿಯರೊಬ್ಬರು ನಿವೃತ್ತರಾಗುವಾಗ ಪಿಸ್ತೂಲು ಕೊಟ್ಟಿದ್ದರು, ತಾವೇ ಜೋಡಿಸಿದ್ದು. ಹಿರಿಯರು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನುವ ಅಭ್ಯಾಸ ನಮಗೆಲ್ಲಿದೆ? ಕಾರಿನ ಹಿಂದಿನ ದೀಪ ಕೆಟ್ಟಿತ್ತು ಅಂತ ಪೊಲೀಸರು ನಿಲ್ಲಿಸಿದರು, ಅಲ್ಲಿಂದ ಶುರುವಾಯಿತು. ಕೇಸು, ವಕೀಲರ ಫೀಸು, ಕೆಲಸ ಹೋಯಿತು, ಹೆಂಡತಿಯ ವೀಸಾ ಅವನದ್ದಕ್ಕೇ ಅಂಟಿಕೊಂಡಿತ್ತು, ಅದೂ ಹೋಯಿತು. ಬಂದೂಕಿನ ಕೇಸಿನಲ್ಲಿ ಶಿಕ್ಷೆಯಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಬಹುದು, ಇನ್ನು ಇವನು ಯಾವ ಲೆಕ್ಕ. ಈಗ ಊರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾನೆ. ನಾನು ಹೋದಾಗೆಲ್ಲ ಊಟಕ್ಕೆ ಕರೆಯುತ್ತಾನೆ, ಮಳೆ, ಕೊಳೆರೋಗ, ರೇಟು ಎಲ್ಲ ಮಾತಾಡುತ್ತೇವೆ, ಅಮೆರಿಕದ ಸುದ್ದಿ ಮಾತ್ರ ಇಬ್ಬರೂ ಎತ್ತುವುದಿಲ್ಲ. ಕೊಟ್ಟ ಆ ಹಿರಿಯರು ಆಮೇಲೆ ಎದುರಿಗೆ ಸಿಕ್ಕರೂ ನಮ್ಮನ್ನು ನೋಡುತ್ತಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಆದರೂ ಒಳಗೆ ಏನೋ ಉಳಿದುಕೊಂಡಿದೆ.

ಊರಿಗೆ ಬಂದೂಕು ತಗೊಂಡು ಹೋಗೋದರ ಬಗ್ಗೆ ಕೇಳಲೇಬೇಡ.

ಮುಂದೆ ಗ್ರೀನ್ ಕಾರ್ಡ್ ಬಂದು, ಆಗಲೂ ಆಸೆ ಇದ್ದರೆ, ಲೈಸೆನ್ಸ್ ಇರುವ ಡೀಲರ್ ಹತ್ತಿರ ಹೋಗು. 4473 ಅನ್ನೋ ಫಾರಂ ತುಂಬಿಸಿ, ನಿನ್ನ ಹಿನ್ನೆಲೆ ನೋಡಿ ಕೊಡುತ್ತಾರೆ. ಮನೆಯಲ್ಲಿ ಮಾಡಿದ ಬಂದೂಕು ಡೀಲರ್ ಕೈಗೆ ಬಂದರೆ ಅದಕ್ಕೆ ಸೀರಿಯಲ್ ನಂಬರ್ ಕೆತ್ತಬೇಕು ಅಂತ 2022ರಲ್ಲಿ ನಿಯಮ ಬಂದಿದೆ. ಫೀಸು ಸ್ವಲ್ಪ ಆಗುತ್ತೆ, ಕಾಗದ ಕೈಯಲ್ಲಿರುತ್ತೆ.

ಅಜ್ಜನಿಗೆ ಸುಮ್ನೆ ನೆಪ ಹೇಳಬೇಡ. ನಾಳೆ ಕೊಡುತ್ತಾರೆ, ನಾಡಿದ್ದು ಮತ್ತೆ ಕೊಡುತ್ತಾರೆ. ನನ್ನ ವೀಸಾದಲ್ಲಿ ಇದನ್ನು ಮುಟ್ಟುವ ಹಾಗಿಲ್ಲ, ಕೊಟ್ಟರೆ ನಿಮಗೂ ತೊಂದರೆ ಅಂತ ನೇರವಾಗಿ ಹೇಳು. ಇಲ್ಲಿನವರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಅವರು ಅದನ್ನು ಹಿಡಿದುಕೊಂಡು ನಿನ್ನ ಬಾಗಿಲಿಗೆ ಬರುವ ಮೊದಲೇ, ಇವತ್ತೇ ಹೇಳು.