ಬಿಸಿಲಿದ್ದರೂ ಕರೆಂಟಿಲ್ಲ!

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ನಮ್ಮ ಹಾಸ್ಟೆಲಿನ ತಾರಸಿ ತುಂಬ ಸೋಲಾರ್ ಫಲಕಗಳಿವೆ. ಮೊನ್ನೆ ಮಟಮಟ ಮಧ್ಯಾಹ್ನ ಕರೆಂಟ್ ಹೋಯಿತು. ಫಲಕಗಳು ಕಾದ ಕಾವಲಿಯಂತೆ ಸುಡುತ್ತಿದ್ದರೂ ಫ್ಯಾನ್ ತಿರುಗಲಿಲ್ಲ. ಇಂಥ ಸೋಲಾರ್ ನಂಬಿ ಇಂಧನ ನೀತಿ ರೂಪಿಸುವುದು ಸರಿಯೇ?

ಉತ್ತರ: ಆ ಬೆವರು ನನಗೂ ಪರಿಚಿತ! ಆದರೆ ತಪ್ಪು ಫಲಕದ್ದಲ್ಲ. ಫಲಕದ ವಿದ್ಯುತ್ತನ್ನು ಫ್ಯಾನು, ದೀಪಗಳಿಗೆ ಒಗ್ಗಿಸುವ ಪೆಟ್ಟಿಗೆಯೇ ಇನ್ವರ್ಟರ್; ಊರೂರಿಗೆ ಕರೆಂಟ್ ತರುವ ತಂತಿಜಾಲವೇ ಗ್ರಿಡ್. ಗ್ರಿಡ್‌ಗೆ ಜೋಡಿಸಿದ ಸಾಮಾನ್ಯ ಇನ್ವರ್ಟರ್, ಗ್ರಿಡ್‌ನ ವೋಲ್ಟೇಜು, ಫ್ರೀಕ್ವೆನ್ಸಿಗಳ ತಾಳಕ್ಕೆ ಹೆಜ್ಜೆ ಹಾಕುತ್ತದೆ. ತಾಳ ನಿಂತರೆ ತಾನೂ ಕೂಡಲೇ ನಿಲ್ಲಬೇಕು. ಇಲ್ಲವಾದರೆ ಫಲಕದ ವಿದ್ಯುತ್ ಹೊರಗಿನ ತಂತಿಗೆ ಹರಿದು, ತಂತಿಯಲ್ಲಿ ವಿದ್ಯುತ್ ಇಲ್ಲ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಪ್ರಾಣಕ್ಕೇ ಕುತ್ತು. ಬ್ಯಾಟರಿಯ ಜೊತೆಗೆ, ಗ್ರಿಡ್‌ನಿಂದ ಕಳಚಿಕೊಂಡು ಸ್ವತಂತ್ರವಾಗಿ ನಡೆಯಬಲ್ಲ ಹೈಬ್ರಿಡ್ ಇನ್ವರ್ಟರ್ ಇದ್ದಿದ್ದರೆ ಫ್ಯಾನ್ ತಿರುಗುತ್ತಿತ್ತು.

ನೀತಿಯ ವಿಷಯದಲ್ಲಿ ನನ್ನ ತಕರಾರು ಬೇರೆ. ಎಲ್ಲರೂ ಮೆಗಾವಾಟ್ ಎಣಿಸುತ್ತಾರೆ, ಸೂರ್ಯ ಮುಳುಗಿದ ಮೇಲೇನು ಎಂದು ಕೇಳುವವರು ಕಡಿಮೆ. ಏನಾದರೂ ಕೆಟ್ಟರೆ ಬೈಗುಳ ಮಾತ್ರ ಫಲಕಕ್ಕೇ. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್‌ಗಳು ನಡುಹಗಲಲ್ಲೇ ಕರೆಂಟ್ ಕಳೆದುಕೊಂಡಾಗ ಬೈಸಿಕೊಂಡದ್ದು ಸೋಲಾರ್. ಆದರೆ ಸ್ಪೇನ್ ಸರ್ಕಾರದ ವರದಿ ಬೊಟ್ಟು ಮಾಡಿದ್ದು ವೋಲ್ಟೇಜ್ ನಿಯಂತ್ರಣದ ಕೊರತೆಯತ್ತ. ಅದು ಅಷ್ಟಾಗಿ ಸುದ್ದಿಯಾಗಲಿಲ್ಲ, ಬಿಡಿ.

ಅಂದ ಹಾಗೆ, ಹಾಸ್ಟೆಲಿನ ಇನ್ವರ್ಟರ್ ಮೈಮೇಲಿನ ಚೀಟಿಯನ್ನೊಮ್ಮೆ ಓದಿ ನೋಡಿ, ಅದು ಸಾಮಾನ್ಯದ್ದೋ ಹೈಬ್ರಿಡ್ಡೋ ಎಂದು.