ಆಪ್ತಸಲಹೆ ಪ್ರಕರಣ: ಕಂಪ್ಯೂಟರ್ ಬಿಟ್ಟು ಲಾರಿ ಹತ್ತೀನಿ ಅಂದೋರು

ಹೆಸರು, ಊರು, ಕೆಲಸದ ಜಾಗ, ಗುರುತು ಸಿಗೋ ಸಣ್ಣಪುಟ್ಟ ವಿಷಯ ಎಲ್ಲ ಬದಲಾಯಿಸಿದೀನಿ, ಗಂಡ ಹೆಂಡ್ತಿ ಇಬ್ರಿಗೂ ಓದೋಕೆ ಕೊಟ್ಟು ಒಪ್ಪಿಗೆ ತಗೊಂಡೇ ಹಾಕ್ತಿರೋದು. ಶಿವು ಅಂತ ಕರೆಯೋಣ. 38 ವರ್ಷ, ಬಿಕಾಂ, ತುಮಕೂರು ಕಡೆಯೋರು, ಪೀಣ್ಯದ ಒಂದು ಫ್ಯಾಕ್ಟರಿಲಿ ಡಿಸ್ಪ್ಯಾಚ್ ಸೆಕ್ಷನ್ನು. ಅಂದ್ರೆ ಮಾಲು ಹೊರಗೆ ಹೋಗೋವಾಗ ಇನ್‌ವಾಯ್ಸ್ ಹೊಡೆಯೋದು, ಇ-ವೇ ಬಿಲ್ (ಸರಕು ಸಾಗಿಸೋಕೆ ಬೇಕಾದ ಆನ್‌ಲೈನ್ ದಾಖಲೆ) ಮಾಡೋದು, ಟ್ರಾನ್ಸ್‌ಪೋರ್ಟ್‌ನೋರಿಗೆ ಫೋನ್ ಮಾಡಿ ಗಾಡಿ ಕರೆಸೋದು. ಹದಿನಾಲ್ಕು ವರ್ಷದಿಂದ ಅದೇ ಕುರ್ಚಿ, ಕಿಟಕಿಯಿಂದ ಕಾಣೋದು ಗೇಟು, ಗೇಟಲ್ಲಿ ನಿಂತಿರೋ ಲಾರಿಗಳು.

ಅವರು ತಾವಾಗೇ ಬಂದಿದ್ದಲ್ಲ. ಹೆಂಡ್ತಿ ಕರ್ಕೊಂಡು ಬಂದಿದ್ದು, ಅದೂ 'ಇವರಿಗೆ ತಲೆ ಕೆಟ್ಟಿದೆ ಮೇಡಂ, ಸ್ವಲ್ಪ ಬುದ್ಧಿ ಹೇಳಿ' ಅಂತ. ವಿಷಯ ಏನಂದ್ರೆ, ಕೆಲಸ ಬಿಟ್ಟು ಲಾರಿ ಓಡಿಸ್ತೀನಿ, ಹೆವಿ ಲೈಸೆನ್ಸ್ ಮಾಡಿಸ್ತೀನಿ ಅಂತ ಮನೇಲಿ ಹೇಳಿಬಿಟ್ಟಿದ್ರು. ರಾಜೀನಾಮೆ ಪತ್ರ ಟೈಪ್ ಮಾಡಿ ಮೊಬೈಲಲ್ಲಿ ಇಟ್ಕೊಂಡಿದ್ರು, ಕಳಿಸಿರ್ಲಿಲ್ಲ ಅಷ್ಟೆ.

ಬುದ್ಧಿ ಹೇಳೋದು ನನ್ನ ಕೆಲಸ ಅಲ್ಲ ಅಂತ ಆಯಮ್ಮನಿಗೆ ಮೊದಲೇ ಹೇಳ್ದೆ, ಅವರಿಗೆ ಅದು ಅಷ್ಟು ಹಿಡಿಸ್ಲಿಲ್ಲ. ಸರಿ, ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿದ್ದು.

ಶಿವು ಹೇಳಿದ್ದು ನೇರವಾಗಿತ್ತು. ಬೆಳಗ್ಗೆ ಎದ್ದಾಗ್ಲೇ ಸುಸ್ತು, ಹನ್ನೊಂದು ಗಂಟೆಗೆ ಸ್ಕ್ರೀನ್ ಮುಂದೆ ಕಣ್ಣು ಎಳೆಯುತ್ತೆ, ಊಟ ಆದ್ಮೇಲಂತೂ ಕೂತಲ್ಲೇ ತೂಕಡಿಕೆ, ಒಂದ್ಸಲ ಮ್ಯಾನೇಜರ್ ಎದುರೇ ಮೀಟಿಂಗಲ್ಲಿ ನಿದ್ದೆ ಹೋಗಿ ಎಲ್ಲರೂ ನಕ್ಕಿದ್ರಂತೆ. ಯಾವುದ್ರಲ್ಲೂ ಆಸಕ್ತಿ ಇಲ್ಲ, ಮಗಳ ಜೊತೆ ಆಟ ಆಡೋಕೂ ಮನಸ್ಸಿಲ್ಲ. 'ಈ ಕುರ್ಚಿ ನನ್ನ ತಿಂದುಹಾಕ್ತಿದೆ ಮೇಡಂ. ಆ ಡ್ರೈವರ್‌ಗಳ್ನ ನೋಡಿ, ಮೈ ಮುರಿದು ದುಡೀತಾರೆ, ಕೆಲಸ ಮುಗೀತಾ ಮುಗೀತು, ಯಾರ ಮುಖಾನೂ ನೋಡಂಗಿಲ್ಲ. ನಾನೂ ಮೈ ಬಗ್ಗಿಸಿ ದುಡಿಬೇಕು ಅನ್ಸುತ್ತೆ.' ಊರಲ್ಲಿ ಚಿಕ್ಕಪ್ಪನ ಟ್ರ್ಯಾಕ್ಟರ್ ಓಡಿಸ್ತಿದ್ದೋರು, ಕೈಯಲ್ಲಿ ಸ್ಟೇರಿಂಗ್ ಸಿಕ್ರೆ ಖುಷಿಯಾಗೋ ಮನುಷ್ಯ ಅದು ಮಾತಲ್ಲೇ ಗೊತ್ತಾಗ್ತಿತ್ತು.

ಇನ್ನು ಮನೆಯೋರದ್ದು. ಹೆಂಡ್ತಿ, ಅತ್ತೆ ಮಾವ, ಊರಲ್ಲಿರೋ ಅಣ್ಣ, ಎಲ್ಲರ ಮಾತೂ ಒಂದೇ: ಮಾನ ಹೋಗುತ್ತೆ. ಬಿಕಾಂ ಓದಿ ಲಾರಿ ಡ್ರೈವರಾ? ಮಗಳ ಸ್ಕೂಲ್ ಫಾರಂನಲ್ಲಿ ತಂದೆ ಉದ್ಯೋಗ ಅನ್ನೋ ಕಡೆ ಏನ್ ಬರೀಲಿ? ನಾಳೆ ತಂಗಿಗೆ ಸಂಬಂಧ ನೋಡೋವಾಗ ಭಾವ ಏನ್ ಮಾಡ್ತಾರೆ ಅಂದ್ರೆ? ಡ್ರೈವರ್‌ಗಳೆಲ್ಲ ಕುಡೀತಾರೆ, ಕೆಟ್ಟ ಚಾಳಿ ಕಲೀತಾರೆ. ಹಿಂಗೇ ಒಂದು ಗಂಟೆ. ಆಮೇಲೆ ಕೊನೇಲಿ, ಬಾಗಿಲ ಹತ್ರ ಎದ್ದು ನಿಂತ್ಕೊಂಡು, 'ರಾತ್ರಿ ಇವರ ಗೊರಕೆ ಬೇರೆ, ಮಧ್ಯ ಮಧ್ಯ ಉಸಿರೇ ನಿಂತಂಗಾಗಿ ಆಮೇಲೆ ಧಡಕ್ಕಂತ ಎಳ್ಕೋತಾರೆ, ನಂಗೆ ನಿದ್ದೇನೇ ಬರಲ್ಲ, ಇವರು ಲಾರೀಲಿ ಹೆಂಗ್ ಮಲಗ್ತಾರೋ' ಅಂದ್ರು.

ನಾನು ವಾಪಸ್ ಕೂರಿಸ್ದೆ.

ಇಲ್ಲಿ ನಂಗೆ ಕಂಡಿದ್ದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಶಿವು ಒಬ್ಬರ ಕಥೆ ಅಲ್ಲ. ಕೆಲಸ ಬದಲಾಯಿಸೋ ವಿಷಯದಲ್ಲಿ ಮನೆಯೋರು ಮಾನದ ಮಾತು ಎತ್ತಿದ ತಕ್ಷಣ, ಎದುರಿಗಿರೋನಿಗೆ ಅದು ಜಂಬದ ಮಾತಾಗಿ ಕೇಳುತ್ತೆ. ಶಿವುಗೂ ಹಂಗೇ ಆಗಿತ್ತು. 'ದುಡಿಯೋರ್ನ ಕಂಡ್ರೆ ಇವರಿಗೆ ಅಸಡ್ಡೆ' ಅಂತ ಸಿಟ್ಟು, ಆ ಸಿಟ್ಟು ನ್ಯಾಯವಾದದ್ದೇ, ನಾನು ಅವರ ಪರವೇ. ಆದ್ರೆ ಆ ಸಿಟ್ಟಲ್ಲಿ ಮನೆಯೋರ ಎಲ್ಲಾ ಮಾತೂ ಒಟ್ಟಿಗೆ ಕಸದ ಬುಟ್ಟಿಗೆ ಹೋಗಿತ್ತು. ಬೆನ್ನು ತಡಿಯುತ್ತಾ, ರಾತ್ರಿ ಎಚ್ಚರ ಇರೋಕೆ ಆಗುತ್ತಾ, ಈ ಉಸಿರು ನಿಲ್ಲೋದು ಏನು, ಈ ಪ್ರಶ್ನೆಗಳನ್ನ ಮನೆಯೋರೂ ಸರಿಯಾಗಿ ಕೇಳಿರ್ಲಿಲ್ಲ, ಅವರೂ ಕೇಳ್ಕೊಂಡಿರ್ಲಿಲ್ಲ. ಜಗಳ ಎಲ್ಲ ಸ್ಕೂಲ್ ಫಾರಂ ಮೇಲೆ ನಡೀತಿತ್ತು.

ಜೋರು ಗೊರಕೆ, ನಿದ್ದೇಲಿ ಉಸಿರು ನಿಂತು ನಿಂತು ಬರೋದು, ಎಂಟು ಗಂಟೆ ಮಲಗಿದ್ರೂ ಬೆಳಗ್ಗೆ ಸುಸ್ತು, ಹಗಲೆಲ್ಲ ತೂಕಡಿಕೆ, ಜೊತೆಗೆ ಕುತ್ತಿಗೆ ದಪ್ಪ, ಹೊಟ್ಟೆ ಬೇರೆ ಬಂದಿದೆ. ಇವೆಲ್ಲ ಸ್ಲೀಪ್ ಆಪ್ನಿಯಾ ಅನ್ನೋ ನಿದ್ದೆ ಕಾಯಿಲೆ ಲಕ್ಷಣ ಇರ್ಬೋದು, ಆದ್ರೆ ಅದನ್ನ ಹೇಳಬೇಕಾದೋರು ಡಾಕ್ಟ್ರು, ನಾನಲ್ಲ. ನಾನು ಹೇಳಿದ್ದು ಇಷ್ಟೇ: ನೀವು ಕುರ್ಚಿ ಮೇಲೆ ಹಾಕ್ತಿರೋ ತಪ್ಪಲ್ಲಿ ಎಷ್ಟು ಕುರ್ಚಿದು, ಎಷ್ಟು ನಿದ್ದೆದು ಅಂತ ಗೊತ್ತಾಗೋವರೆಗೂ ಆ ರಾಜೀನಾಮೆ ಪತ್ರ ಮೊಬೈಲಲ್ಲೇ ಇರ್ಲಿ. ಮೀಟಿಂಗಲ್ಲಿ ನಿದ್ದೆ ಹೋದ್ರೆ ಜನ ನಗ್ತಾರೆ, ಹಿರಿಯೂರು ದಾಟಿದ್ಮೇಲೆ ಬೆಳಗಿನ ಜಾವ ಮೂರು ಗಂಟೆಗೆ ಹಿಂದೆ ಹದಿನೆಂಟು ಟನ್ ಲೋಡ್ ಇಟ್ಕೊಂಡು ನಿದ್ದೆ ಹೋದ್ರೆ ನಗೋಕೆ ಯಾರೂ ಇರಲ್ಲ. ಸ್ವಲ್ಪ ಒರಟಾಗೇ ಹೇಳ್ದೆ, ಕೆಲವು ಮಾತು ಒರಟಾಗೇ ಹೇಳ್ಬೇಕು.

ಅವರು ವಾದ ಮಾಡಿದ್ರು. 'ಈಗ ಗಾಡಿಗಳು ಮೊದಲಿನಂಗಿಲ್ಲ ಮೇಡಂ, ಎಸಿ ಕ್ಯಾಬಿನ್ ಬಂದಿದೆ, ಪವರ್ ಸ್ಟೇರಿಂಗು.' ನಿಜ, 2025ರಿಂದೀಚೆಗೆ ಹೊಸದಾಗಿ ತಯಾರಾಗೋ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ಆದ್ರೆ ಅದು ಹೊಸದಾಗಿ ತಯಾರಾಗೋ ಗಾಡಿಗೆ. ಹೊಸ ಡ್ರೈವರ್ ಕೈಗೆ ಯಾವ ಓನರ್ ಹೊಸ ಗಾಡಿ ಕೊಡ್ತಾನೆ? ಹತ್ತು ವರ್ಷ ಓಡಿರೋ ಗಾಡಿ ಕೊಡ್ತಾನೆ, ಇಂಜಿನ್ ಕಾವು ಕಾಲ ಹತ್ರಾನೇ ಇರುತ್ತೆ, ಸೀಟು ಕುಲುಕೋದು ಸೊಂಟಕ್ಕೇ ಬರುತ್ತೆ. ಆಮೇಲೆ ಓಡಿಸೋದು ಒಂದೇ ಕೆಲಸ ಅಲ್ಲ, ಅದು ಅವರಿಗೇ ನನಗಿಂತ ಚೆನ್ನಾಗಿ ಗೊತ್ತು, ದಿನಾ ಗೇಟಲ್ಲಿ ನೋಡ್ತಾರೆ. ಲೋಡ್ ಮೇಲೆ ಹತ್ತಿ ಟಾರ್ಪಾಲು ಎಳೆಯೋದು, ಹಗ್ಗ ಬಿಗಿಯೋದು, ಪಂಚರ್ ಆದ್ರೆ ರಿಮ್ಮು ಸೇರಿ ನೂರು ಕೆಜಿ ಹತ್ರ ತೂಗೋ ಸ್ಟೆಪ್ನಿ ಇಳಿಸಿ ಹತ್ತಿಸೋದು. ಈಗ ಎಷ್ಟೋ ಗಾಡೀಲಿ ಕ್ಲೀನರೇ ಇಲ್ಲ, ಎಲ್ಲ ಡ್ರೈವರೇ.

ಕೆಲಸ ಮುಗೀತಾ ಮುಗೀತು ಅಂತಿದ್ರಲ್ಲ, ಆ ಮಾತಿಗೆ ಅವರದ್ದೇ ಡಿಸ್ಪ್ಯಾಚ್ ಲೆಕ್ಕ ಕೇಳ್ದೆ. ಇ-ವೇ ಬಿಲ್ಲಲ್ಲಿ 200 ಕಿಲೋಮೀಟರಿಗೆ ಒಂದು ದಿನದಂಗೆ ವ್ಯಾಲಿಡಿಟಿ ಸಿಗುತ್ತೆ, ಪುಣೆ 840 ಚಿಲ್ಲರೆ ಕಿಲೋಮೀಟರು, ಅಂದ್ರೆ ಐದು ದಿನ. ನೀವು ಡ್ರೈವರ್‌ಗೆ ಎಲ್ಲಿದೀಯಪ್ಪಾ ಅಂತ ಮೊದಲ ಫೋನ್ ಮಾಡೋದು ಯಾವಾಗ? ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕುಬಿಟ್ರು. ಮಾರನೇ ದಿನ ಸಂಜೆ ಅಂತೆ. ಮಾಲು ತಗೊಳ್ಳೋ ಪಾರ್ಟಿ ಇವರ ಮ್ಯಾನೇಜರ್‌ಗೆ ಫೋನ್ ಮಾಡ್ತಾನೆ, ಮ್ಯಾನೇಜರ್ ಇವರಿಗೆ, ಇವರು ಡ್ರೈವರ್‌ಗೆ. ಯಾರ ಮುಖಾನೂ ನೋಡಂಗಿಲ್ಲ ಅನ್ನೋದು ಸರಿ, ಫೋನ್ ಎತ್ಲೇಬೇಕು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಲೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ಓಡಿಸಿದ್ರೆ ಅರ್ಧ ಗಂಟೆ ವಿಶ್ರಾಂತಿ ಅಂತ ಬರೆದಿಟ್ಟಿದ್ರು. ಐದಕ್ಕಿಂತ ಕಮ್ಮಿ ಕೆಲಸಗಾರರಿರೋ ಕಡೆಗೆ ಅದು ಅನ್ವಯಾನೇ ಆಗ್ತಿರ್ಲಿಲ್ಲ, ನಮ್ಮಲ್ಲಿ ಒಂದು ಎರಡು ಗಾಡಿ ಇಟ್ಕೊಂಡಿರೋ ಓನರ್‌ಗಳೇ ತುಂಬಿರೋದು.

ಹಂಗಂತ ನಾನು ಬೇಡ ಅಂತ ಹೇಳ್ಲಿಲ್ಲ. ಇದನ್ನ ಹೆಂಡ್ತಿಗೂ ಸ್ಪಷ್ಟ ಹೇಳ್ದೆ. ಒಬ್ಬ ಮನುಷ್ಯನಿಗೆ ಮೈ ದುಡಿಸೋ ಕೆಲಸ ಬೇಕು ಅನ್ಸೋದು ಕಾಯಿಲೆ ಅಲ್ಲ, ತಲೆ ಕೆಟ್ಟಿರೋದೂ ಅಲ್ಲ.

ಕೊಟ್ಟ ಸಲಹೆ ಅಂದ್ರೆ, ಮೊದಲನೇದು ಸ್ಲೀಪ್ ಸ್ಟಡಿ, ಅಂದ್ರೆ ಮಲಗಿದ್ದಾಗ ಉಸಿರು, ನಿದ್ದೆ ಅಳೆಯೋ ಪರೀಕ್ಷೆ, ಅದು ಮುಗಿಯೋವರೆಗೂ ಮಿಕ್ಕಿದ್ದು ಯಾವುದೂ ಮಾತೇ ಇಲ್ಲ. ಬಿಪಿ ಶುಗರ್ ಕಣ್ಣು ಹೆಂಗೂ ನೋಡಿಸ್ಲೇಬೇಕು, ಟ್ರಾನ್ಸ್‌ಪೋರ್ಟ್ ಲೈಸೆನ್ಸ್‌ಗೆ ಆರ್‌ಟಿಓಲಿ ಫಾರಂ 1ಎ ಅಂತ ಡಾಕ್ಟ್ರ ಸರ್ಟಿಫಿಕೇಟ್ ಕೇಳ್ತಾರೆ, ಅದನ್ನ ಏಜೆಂಟ್ ಕೈಲಿ ಸುಮ್ಮನೆ ಸೀಲ್ ಹೊಡೆಸ್ಕೊಂಡು ಬರೋದು ಬೇಡ, ನಿಜವಾಗ್ಲೂ ತೋರಿಸಿ ಅಂದೆ. ಎರಡನೇದು ರಜೆ ಹಾಕಿ ಯಾರಾದ್ರೂ ಗೊತ್ತಿರೋ ಡ್ರೈವರ್ ಜೊತೆ ಲಾಂಗ್ ಟ್ರಿಪ್ ಹೋಗಿ, ಓಡಿಸೋಕಲ್ಲ, ಪಕ್ಕದಲ್ಲಿ ಕೂತು ಕ್ಲೀನರ್ ಮಾಡೋ ಕೆಲಸ ಎಲ್ಲ ಮಾಡಿ, ಅಲ್ಲೇ ಮಲಗಿ, ಅಲ್ಲೇ ಸ್ನಾನ, ಅಲ್ಲೇ ಊಟ. ಹುಷಾರಿಲ್ದಾಗ, ಮಳೇಲಿ ಟಾರ್ಪಾಲು ಕಟ್ಟೋವಾಗ, ಅನ್‌ಲೋಡ್‌ಗೆ ಎರಡು ದಿನ ಕಾಯೋವಾಗ ಹೆಂಗಿರುತ್ತೆ ಅದನ್ನ ನೋಡಿ. ಹೈವೇಲಿ ಗಾಡಿ ಓಡೋವಾಗ ಎಲ್ಲರಿಗೂ ಖುಷಿನೇ.

ದುಡ್ಡಿನ ವಿಷಯಕ್ಕೆ ಗಂಡ ಹೆಂಡ್ತಿ ಇಬ್ಬರೂ ಒಂದೇ ಹಾಳೆ ಮೇಲೆ ಲೆಕ್ಕ ಬರೀಬೇಕು ಅಂದೆ. ಆಗ ಕೈಗೆ 31 ಸಾವಿರ ಬರ್ತಿತ್ತು, ಜೊತೆಗೆ ಪಿಎಫ್ಫು, ಬೋನಸ್ಸು. ಮಾತಾಡಿಟ್ಟಿದ್ದ ಓನರ್ 20 ಸಾವಿರ ಸಂಬಳ, ಮೇಲೆ ದಿನದ ಬಾಟಾ (ದಾರಿ ಖರ್ಚಿನ ಭತ್ಯೆ) ಅಂದಿದ್ದ. ಶಿವು ಬಾಟಾ ಪೂರ್ತಿ ಆದಾಯ ಅಂತ ಸೇರಿಸ್ಕೊಂಡು ಲೆಕ್ಕ ಸಮ ಆಗುತ್ತೆ ಅಂತಿದ್ರು, ಆದ್ರೆ ಮೂರು ಹೊತ್ತು ಹೊರಗಡೆ ಊಟ, ಟೀ, ಸ್ನಾನ, ದಾರಿಯ ಸಣ್ಣ ಖರ್ಚು ಎಲ್ಲ ಅದರಲ್ಲೇ ಹೋಗೋದು. ಗಾಡಿ ಗ್ಯಾರೇಜಲ್ಲಿ ನಿಂತ ದಿನ ಬಾಟಾ ಇಲ್ಲ. ಇದನ್ನ ಹೆಂಡ್ತಿ ಹಾಳೆ ಮೇಲೆ ನೋಡಿದ್ಮೇಲೆ ಮಾನದ ಮಾತು ಕಮ್ಮಿ ಆಯ್ತು, ಚೀಟಿ ಕಂತಿನ ಮಾತು ಶುರುವಾಯ್ತು, ನಂಗೆ ಅದೇ ಬೇಕಾಗಿದ್ದು.

ಇನ್ನೊಂದು ದಾರಿ ಅವರಿಗೆ ಗೊತ್ತೇ ಇರ್ಲಿಲ್ಲ. ಹೆವಿ ಲೈಸೆನ್ಸ್ ಆದ್ರೇನೇ ಲಾರಿ ಅಂದ್ಕೊಂಡಿದ್ರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳ ಪೀಠ ಹೇಳಿದೆ, ಲೋಡ್ ಸೇರಿ ಒಟ್ಟು ತೂಕ 7500 ಕೆಜಿ ಒಳಗಿರೋ ಸರಕು ಗಾಡೀನ ಎಲ್‌ಎಂವಿ ಲೈಸೆನ್ಸಲ್ಲೇ (ಕಾರಿಗೆ ಕೊಡೋ ಲೈಸೆನ್ಸು) ಓಡಿಸ್ಬೋದು ಅಂತ. ಅವರ ಹತ್ರ ಕಾರ್ ಲೈಸೆನ್ಸ್ ಹತ್ತು ವರ್ಷದಿಂದ ಇತ್ತು. ಆದ್ರಿಂದ ಸಣ್ಣ ಗಾಡಿ, ಹತ್ತಿರದ ರೂಟು, ರಾತ್ರಿ ಮನೆ, ಹಿಂಗೂ ಒಂದು ಮೆಟ್ಟಿಲಿದೆ ಅಂತ ಹೇಳಿಟ್ಟೆ. ಆಗ ಅವರಿಗೆ ಇಷ್ಟ ಆಗ್ಲಿಲ್ಲ, 'ಅದೇನ್ ಮೇಡಂ, ಚಿಕ್ಕ ಗಾಡಿ' ಅಂತ ಮುಖ ಸಪ್ಪಗೆ ಮಾಡಿದ್ರು. ಮಾನ ಅನ್ನೋದು ಡ್ರೈವರ್ ಆಗೋಕೆ ಹೊರಟೋರಿಗೂ ಇರುತ್ತೆ ನೋಡಿ.

ಸ್ಲೀಪ್ ಸ್ಟಡೀಲಿ ಆಪ್ನಿಯಾ ಇದೆ ಅಂತಾನೇ ಬಂತು, ಅದೂ ಜಾಸ್ತೀನೇ. ಮೂಗಿಗೆ ಮಾಸ್ಕ್ ಹಾಕ್ಕೊಂಡು ಮಲಗೋ ಸಿಪ್ಯಾಪ್ ಮಿಷಿನ್ ಕೊಟ್ರು. ಮೊದಲೆರಡು ವಾರ ಬೈಕೊಂಡೇ ಹಾಕ್ಕೊಂಡ್ರಂತೆ, ಆಮೇಲೆ ಫೋನ್ ಮಾಡಿ 'ಮೇಡಂ, ಮಧ್ಯಾಹ್ನ ನಿದ್ದೆ ಬರ್ತಿಲ್ಲ' ಅಂದ್ರು, ದೂರು ಕೊಡೋ ಥರ. ಮಗಳ್ನ ಸಂಜೆ ಪಾರ್ಕಿಗೆ ಕರ್ಕೊಂಡು ಹೋಗ್ತಿದಾರೆ ಅಂತ ಹೆಂಡ್ತಿ ಹೇಳಿದ್ರು. ಈ ಹಂತದಲ್ಲಿ ಸುಮಾರು ಜನ ಲಾರಿ ಆಸೆ ಬಿಟ್ಟುಬಿಡ್ತಾರೆ, ಸುಸ್ತು ಹೋಯ್ತಲ್ಲ ಆಫೀಸೇ ಸಾಕು ಅಂತ. ಇವರಿಗೆ ಹಂಗಾಗ್ಲಿಲ್ಲ. ಸುಸ್ತು ಹೋಯ್ತು, ಕುರ್ಚಿ ಬೇಜಾರು ಹಂಗೇ ಉಳೀತು. ಆಗ ನಂಗೆ ಅವರ ಆಸೆ ಮೇಲೆ ನಂಬಿಕೆ ಬಂದಿದ್ದು.

ಟ್ರಿಪ್ಪಿಗೂ ಹೋಗಿಬಂದ್ರು, ಗೇಟಲ್ಲಿ ಪರಿಚಯ ಇದ್ದ ಒಬ್ಬ ಹಿರಿಯ ಡ್ರೈವರ್ ಜೊತೆ, ಬೆಂಗಳೂರಿಂದ ಪುಣೆ ಹತ್ರದ ಚಾಕಣ್‌ಗೆ. ಡ್ರೈವರಣ್ಣ ನಿಪ್ಪಾಣಿ ದಾಟೋವರೆಗೂ ಇವರ ಕೈಲಿ ಎಲ್ಲ ಕೆಲಸ ಮಾಡಿಸಿದಾರೆ, ಟೈರ್ ಬಡಿದು ನೋಡೋದು, ಹಗ್ಗ ಮತ್ತೆ ಬಿಗಿಯೋದು, ಟೋಲ್ ಹತ್ರ ಹಿಂದೆ ನೋಡೋದು. ಖಂಬಾಟ್ಕಿ ಘಾಟಲ್ಲಿ ಎದುರುಗಡೆ ಗಾಡಿ ಬ್ರೇಕ್ ಸುಟ್ಟ ವಾಸನೆ ಬಂದು ಇವರ ಕೈ ನಡುಗಿತಂತೆ. ಚಾಕಣ್‌ನಲ್ಲಿ ಅನ್‌ಲೋಡ್‌ಗೆ ಎರಡು ರಾತ್ರಿ ಕಾದಿದ್ದು, ಸಂಡಾಸಿಗೆ ಜಾಗ ಇಲ್ಲ ಅಂತ ನೀರು ಕಮ್ಮಿ ಕುಡಿದಿದ್ದು, ಮಿಷಿನ್‌ಗೆ ಕರೆಂಟ್ ಇಲ್ದೆ ಮಾಸ್ಕ್ ಹಾಕ್ದೆ ಮಲಗಿದ್ದು, ಮಾರನೇ ದಿನ ಹಳೇ ತೂಕಡಿಕೆ ವಾಪಸ್. ಬಂದು ಅವರೇ ಹೇಳಿದ್ರು, 'ಓಡ್ಸೋದು ಕಷ್ಟ ಅಲ್ಲ ಮೇಡಂ, ಕಾಯೋದು ಕಷ್ಟ.' ಸೊಂಟ ನಾಲ್ಕು ದಿನ ಹಿಡ್ಕೊಂಡಿತ್ತು.

ಲಾರಿ ಬ್ಯಾಟರಿ 24 ವೋಲ್ಟಿಂದು, ಅದಕ್ಕೆ ಹೊಂದೋ ಇನ್ವರ್ಟರ್ ಹಾಕ್ಸಿದ್ರೆ ಮಿಷಿನ್ ನಡೆಯುತ್ತೆ ಅಂತ ಅವರೇ ಹುಡುಕಿಟ್ಕೊಂಡಿದ್ರು, ಆದ್ರೆ ಬೇರೆಯೋರ ಗಾಡೀಲಿ ಅದನ್ನೆಲ್ಲ ಯಾವ ಓನರ್ ಒಪ್ತಾನೆ ಅನ್ನೋದೂ ಅವರದ್ದೇ ಪ್ರಶ್ನೆ. ಮಾಸ್ಕ್ ಇಲ್ಲದ ರಾತ್ರಿ ಆದ್ಮೇಲೆ ಹಗಲು ಗಾಡಿ ಮುಟ್ಟಂಗಿಲ್ಲ ಅಂತ ಡಾಕ್ಟ್ರು ಕಡ್ಡಾಯ ಹೇಳಿದಾರೆ, ನಾನೂ ಅದನ್ನೇ ಹೇಳಿದೀನಿ, ಆ ಒಂದು ವಿಷಯದಲ್ಲಿ ಚೌಕಾಸಿ ಇಲ್ಲ.

ಕೊನೆಗೆ ಅವರೇ ಆರಿಸ್ಕೊಂಡಿದ್ದು ಆ ಚಿಕ್ಕ ಗಾಡೀನೇ. ನೋಟಿಸ್ ಪೀರಿಯಡ್ ಪೂರ್ತಿ ಮುಗಿಸಿ, ಪಿಎಫ್ ದುಡ್ಡು ಮುಟ್ಟದೆ, ಈಗ ತುಮಕೂರು, ದಾಬಸ್‌ಪೇಟೆ, ನೆಲಮಂಗಲ ಕಡೆ ಹಗಲು ಲೋಡ್ ಹೊಡೀತಾರೆ, ರಾತ್ರಿ ಮನೇಲಿ ಮಾಸ್ಕ್ ಹಾಕ್ಕೊಂಡು ಮಲಗ್ತಾರೆ. ಸಂಬಳ ಕಮ್ಮಿ ಆಗಿದೆ, ಚೀಟಿ ಒಂದು ನಿಲ್ಲಿಸಿದಾರೆ, ಬೆನ್ನಿಗೆ ಫಿಸಿಯೋದೋರು ಹೇಳಿಕೊಟ್ಟ ಕಸರತ್ತು ಮಾಡ್ತಾರೆ, ಕೆಲವು ದಿನ ಬಿಡ್ತಾರೆ. ಟ್ರಾನ್ಸ್‌ಪೋರ್ಟ್ ಲೈಸೆನ್ಸ್‌ಗೆ ಎಲ್‌ಎಲ್ (ಕಲಿಯೋರ ಲೈಸೆನ್ಸ್) ತಗೊಂಡಾಗಿದೆ, ಹೆವಿ ಆಸೆ ಪೂರ್ತಿ ಹೋಗಿಲ್ಲ, ಆ ಮಾತು ಬಂದಾಗ ಮತ್ತೆ ಮೂವರೂ ಕೂರೋದು ಅಂತ ಆಗಿದೆ.

ಇದೇ ಥರ ಕೆಲಸ ಬಿಡೋ ಯೋಚನೇಲಿ ರಾತ್ರಿ ನಿದ್ದೆ ಬರ್ದೆ ಒದ್ದಾಡ್ತಿರೋರು, ಹತ್ತಿರದಲ್ಲಿ ಆಪ್ತಸಲಹೆಗಾರರು ಸಿಗದಿದ್ರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416ಕ್ಕೆ ಫೋನ್ ಮಾಡಿ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಗೊರಕೆ ಇದ್ರೆ ಮಾತ್ರ ಮೊದಲು ಡಾಕ್ಟ್ರ ಹತ್ರ.

ಹಾಂ, ಸ್ಕೂಲ್ ಫಾರಂ. ಹೆಂಡ್ತಿ ಅದರಲ್ಲಿ ಡ್ರೈವರ್ ಅಂತಾನೇ ಬರೆದ್ರಂತೆ, ಮಗಳು ಪಕ್ಕದಲ್ಲಿ ನಿಂತು ಬರೆಸಿದ್ದು. ತವರುಮನೆಲಿ ಮಾತ್ರ ಇನ್ನೂ 'ಇವರು ಟ್ರಾನ್ಸ್‌ಪೋರ್ಟ್ ಲೈನಲ್ಲಿದಾರೆ' ಅಂತಾರೆ. ಅದನ್ನ ತಿದ್ದೋಕೆ ನಾನು ಹೋಗಿಲ್ಲ, ಸುಳ್ಳೂ ಅಲ್ವಲ್ಲ.